ಇಪ್ಪತ್ತೇಳನೇ ಪುಟ

ಬಂದರಿನ ಹಮ್ಮಬ್ಬಾಕನ ಗುಜರಿಯಲ್ಲಿ
ಕೆಟ್ಟ ಮಿಕ್ಸಿಯೊಂದರ ಕೆಳಗೆ
ಬೆನ್ನು ಮೇಲಾಗಿ ಬಿದ್ದುಕೊಂಡಿದ್ದ
ಸಿಡಿಲುಗಾಲ.
ಮೂವತ್ತೆಂಟು ವರ್ಷ.
ಚಡ್ಡಿ ಮಾತ್ರ ಅದೇ ಕೆಂಪು.

‘ತಕ್ಕೊಳ್ಳಿ ಟೀಚರೇ, ಇಪ್ಪತ್ತು ಕೊಡಿ.’
ಟೀಚರಲ್ಲ ನಾನು, ಕಂಕನಾಡಿಯಲ್ಲಿ
ಎಕ್ಸ್‌ರೇ ತೆಗೆಯುವವಳು.
ಹತ್ತಕ್ಕೆ ಇಳಿಸಿ, ಬಂಗುಡೆಯ ಚೀಲ ಬಿಟ್ಟು
ಬೇರೆ ಚೀಲಕ್ಕೆ ಹಾಕಿಸಿಕೊಂಡೆ.

ನಮ್ಮಲ್ಲಿ ಡಾರ್ಕ್‌ರೂಮು ಈಗ ಹೆಸರಿಗೆ,
ಪೊರಕೆ ಬಕೆಟು ಇಡುವ ಕೋಣೆ.
ಮಧ್ಯಾಹ್ನ ಅಲ್ಲಿ ಕೂತು ತೆರೆದರೆ
ದೇವರೇ, ಇದೆಂಥ ಎದೆ!
ಇಷ್ಟು ಮಾಂಸದೊಳಗೆ ಪಕ್ಕೆಲುಬು ಹಿಡಿಸುವುದೆಲ್ಲಿ?
ಹನ್ನೊಂದನೇ ಪುಟದಲ್ಲಿ ಬಲಗೈಗೆ ಆರು ಬೆರಳು,
ಹನ್ನೆರಡರಲ್ಲಿ ನಾಲ್ಕು.
ಸರಾಸರಿ ಸರಿಯೇ.
ರಾಜಕುಮಾರಿಯ ಕೆಂಪು ತುಟಿಯಿಂದ ಜಾರಿ
ಮೂಗಿನ ಕೆಳಗೆ ಕೂತಿದೆ, ನೆಗಡಿಯ ಹಾಗೆ.
ನಲವತ್ತು ಪುಟಕ್ಕೆ ಅವಳಿಗಿರುವುದು ಒಂದೇ ಮಾತು:
‘ಕಾಪಾಡಿ!’
ಇವನನ್ನು ನಂಬಿಯೇ ನಾನು
ಗುಡ್ಡೆಯಿಂದ ಹಾರಿ ಮೊಣಕಾಲು ಒಡೆದುಕೊಂಡದ್ದು?
ಮೆಟ್ಟಿಲು ಹತ್ತುವಾಗ ಕಟಕಟ ಎನ್ನುವ ಚಿಪ್ಪು
ಇವನ ಲೆಕ್ಕದಲ್ಲಿ ಇನ್ನೂ ಬಾಕಿ ಉಂಟು.

ಒಂದು ನಾಯಿ ಮಾತ್ರ ಚೆನ್ನಾಗಿದೆ.
ಒಂಬತ್ತನೇ ಪುಟದ ಮೂಲೆಯಲ್ಲಿ
ಯುದ್ಧಕ್ಕೆ ಬೆನ್ನು ಹಾಕಿ ಕಿವಿ ಕೆರೆದುಕೊಳ್ಳುತ್ತಿದೆ,
ಒಂದೊಂದು ಕೂದಲೂ ನಿಜ.
ಆ ದಿನ ಚಿತ್ರಗಾರನಿಗೆ ಸಂಬಳ ಆಗಿದ್ದಿರಬೇಕು.

ಅಪ್ಪ ಸಿಟಿಬಸ್ಸಿನ ಕಂಡಕ್ಟರ್ ಮೋನಪ್ಪ.
ಸ್ಟೇಟ್‌ಬ್ಯಾಂಕಿಂದ ಕಾವೂರು, ಕಾವೂರಿಂದ ಸ್ಟೇಟ್‌ಬ್ಯಾಂಕು.
ಜನ ಸೀಟಿನಡಿ ಮರೆತದ್ದೆಲ್ಲ ನಮ್ಮ ಆಸ್ತಿ:
ಒಂಟಿ ಚಪ್ಪಲಿ, ಎರಡು ದಿನ ಕಾದರೂ ಯಾರೂ ಕೇಳದ ಕೊಡೆ,
ರಟ್ಟು ಹೋದ ಕಾಮಿಕ್ಸು.
ನಮಗೆ ಕೊಡುವ ಮೊದಲು ಅವರೇ ಓದುತ್ತಿದ್ದರು,
ಕೊನೇ ಟ್ರಿಪ್ಪು ಮುಗಿದು ದೀಪ ಆರುವ ತನಕ,
ಚಿಲ್ಲರೆ ಚೀಲ ತೊಡೆಯ ಮೇಲೆ,
ತುಟಿ ಮಾತ್ರ ಅಲ್ಲಾಡುತ್ತ.

ನಮ್ಮ ಪ್ರತಿಯಲ್ಲಿ ಇಪ್ಪತ್ತಾರಾದ ಮೇಲೆ ಇಪ್ಪತ್ತೊಂಬತ್ತು.
ಇಪ್ಪತ್ತಾರರಲ್ಲಿ ಅವನು ಗುಹೆಯ ಬಾಗಿಲಲ್ಲಿ,
ಇಪ್ಪತ್ತೊಂಬತ್ತರಲ್ಲಿ ದೋಣಿಯಲ್ಲಿ ಒಬ್ಬನೇ.
ನಡುವೆ ಎಂಥ ಆಯ್ತು ಅಕ್ಕ ಎಂದು
ಲೋಲಾಕ್ಷ ರಾತ್ರಿಯಿಡೀ ಪೀಡಿಸಿದ್ದಕ್ಕೆ
ನಾನೇ ಕಟ್ಟಿದೆ:
ಒಳಗೆ ಇಬ್ಬರೂ ಚೆನ್ನೆಮಣೆ ಆಡಿದರು,
ಕಾಡಿಗಾಸುರ ಗೆದ್ದ,
ಸಿಡಿಲುಗಾಲ ನಾಚಿಕೆಯಿಂದ ದೋಣಿ ಹತ್ತಿದ.
ತಮ್ಮ ನಂಬಿದ. ಆಮೇಲೆ ನಾನೂ.

ಇವತ್ತಿನ ಪ್ರತಿಯಲ್ಲಿ ಇಪ್ಪತ್ತೇಳು ಉಂಟು.
ಕಾಡಿಗಾಸುರನ ಮಂದಿ ಸಾಲಾಗಿ ಮೊಣಕಾಲೂರಿದ್ದಾರೆ.
ಮೈಗೆ ಬಳಿದ ಕಪ್ಪು ಎಂಥದ್ದೆಂದರೆ
ಕಣ್ಣು ಬಾಯಿ ಬೇರೆಬೇರೆ ಬರೆಯುವ ಕಷ್ಟವೇ ಇಲ್ಲ.
‘ಕರಿ ಹೆಗ್ಗಣಗಳೇ, ನಿಮಗೂ ಬಿಳಿ ಅನ್ನ ಬೇಕೆ?’
ಸಿಡಿಲುಗಾಲನ ಬಲೂನು, ದಪ್ಪಕ್ಷರ.
ಚಾಟಿ ಬಿದ್ದಲ್ಲೆಲ್ಲ ಹಳದಿ ನಕ್ಷತ್ರ.

ಆ ಬಣ್ಣ ನನಗೆ ಗೊತ್ತು.
ಖಾಕಿ ತೋಳು ಮೇಲೆ ಮಡಚಿದರೆ
ಅಪ್ಪನ ಮೊಣಕೈ.

ಕುಚ್ಚಲು ಅನ್ನದ ಡಬ್ಬಿ ಹಾಗೇ ಮುಚ್ಚಿದೆ.

ನಮ್ಮ ಪ್ರತಿಯನ್ನು ಒರಲೆ ತಿಂದು ಎಷ್ಟೋ ಕಾಲವಾಯಿತು,
ಆ ಜಾಗ ಮಾತ್ರ ಬೆರಳಿಗೆ ನೆನಪಿದೆ.
ಅಂಚು ಚಿಂದಿಯಾಗಿರಲಿಲ್ಲ.
ಹೆಬ್ಬೆರಳ ಉಗುರು ಊರಿ
ಒಂದೇ ಎಳೆತಕ್ಕೆ ಬಂದ ನೇರ ಗೆರೆ,
ದಿನಕ್ಕೆ ಎಂಟುನೂರು ಟಿಕೇಟು ಹರಿಯುವ
ಕೈಗೆ ಮಾತ್ರ ಬರುವಂಥದ್ದು.

ಯಾರೋ ಪ್ಯಾಸೆಂಜರು ಕಡ್ಲೆ ಕಟ್ಟಲು ಹರಿದಿರಲೂಬಹುದು.
ಕೇಳೋಣವೆಂದರೆ
ಅವರು ಹೋಗಿ ಒಂಬತ್ತು ವರ್ಷ.

ಬಸ್ಸಿಗೆ ಕಾಯುವಾಗ ಲೋಲಾಕ್ಷನ ಫೋನು.
‘ಸಿಕ್ಕಿತಂತಲ್ಲ! ಈಗ ಓದಿದರೆ ಹೇಗುಂಟು?’
‘ಚಿತ್ರ ಎಲ್ಲ ಡೊಂಕು. ನಾಯಿ ಚಂದ.’
‘ಆ ನಡುವಿನ ಪುಟ?’
ಎರಡು ಹಾರನ್ನು ನಮ್ಮ ಮಧ್ಯೆ ಹಾದುಹೋದವು.
‘ಇದರಲ್ಲೂ ಇಲ್ಲ ಮಾರಾಯ.’

ಚೀಲದೊಳಗೆ ಕೈ ಹಾಕಿ
ಉಗುರು ಊರಿದೆ.
ನನ್ನದು ಅಷ್ಟು ನೇರ ಬರಲಿಲ್ಲ.