ಒಂದೇ ಹಲಗೆ, ಮೂರು ಸಲ

ಮೊದಲ ಸಲ ಬರೆದಾಗ ನನಗೆ ಹತ್ತೊಂಬತ್ತು.
ಕಾಲೇಜಿನ ಮ್ಯೂಸಿಯಮ್ಮಿಗೆ ಒಂದು ಮೀನಿನ ತಲೆ ಬಂದಿತ್ತು,
ತಲೆಗಿಂತ ಉದ್ದ ಮೂತಿ, ಗೋಣಿ ಹೊಲಿಯುವ ದಬ್ಬಣದ ಹಾಗೆ.
ಇಡೀ ಮೀನನ್ನು ಮಲ್ಪೆಯಿಂದ ಐಸಿನಲ್ಲಿ
ಆಗುಂಬೆ ಹತ್ತಿಸಿದ್ದಳು ಬಾಬಿಯಕ್ಕ.
ತಾರ್ಪಾಲಿನಾಚೆ ಚಾಚಿದ ಕೊಂಬಿಗೆ
ಹದಿನಾಲ್ಕು ತಿರುವಿನಲ್ಲೂ ಬಿದಿರು ತಾಗಿತಂತೆ.
ಗೇಟಿನ ಗಾರ್ಡು ಟಾರ್ಚು ಬಿಟ್ಟು ಕೇಳಿದನಂತೆ:
'ಏನಮ್ಮಾ, ದಂತವಾ?'

ವೃಷಭೇಂದ್ರಯ್ಯ ಮೇಷ್ಟ್ರು ಚೀಟಿ ಕೊಟ್ಟರು.
ಟೆಟ್ರಾಪ್ಟುರಸ್ ಇಂಡಿಕಸ್.
'ಓರೆಯಾಗಿ ಬರಿ. ಮೊದಲನೇದು ಮನೆತನ, ದೊಡ್ಡಕ್ಷರ.
ಎರಡನೇದು ಅದರದ್ದೇ ಹೆಸರು, ಸಣ್ಣಕ್ಷರ.
ಕೊನೆಗೆ ಹೆಸರಿಟ್ಟ ಫ್ರೆಂಚನ ಹೆಸರು, ನೆಟ್ಟಗೆ.
ಕೆಳಗೆ ಕನ್ನಡದಲ್ಲೂ.'
ನಮ್ಮಲ್ಲಿ ದೊಡ್ಡದು ಸಣ್ಣದು ಎಲ್ಲಿದೆ ಸಾರ್,
ಎಲ್ಲಕ್ಕೂ ಒಂದೇ ಎತ್ತರ, ಅಂದೆ.
ಅವರು ನಗಲಿಲ್ಲ.

ಹನ್ನೊಂದು ವರ್ಷದ ಮೇಲೆ ಮತ್ತೆ ಕರೆಸಿದರು.
ಮಕೈರಾ ಇಂಡಿಕಾ.
ಕಸ್ ಹೋಗಿ ಕಾ ಬಂದಿತ್ತು.
'ಗಂಡು ಹೆಣ್ಣಾಯ್ತಾ ಸಾರ್?'
'ಮೀನಿಗೇನೂ ಆಗಿಲ್ಲ ಕಣಯ್ಯ. ಮನೆ ಬದಲಾಯ್ತು.
ಈ ಮನೆ ಸ್ತ್ರೀಲಿಂಗ.'
ಫ್ರೆಂಚನ ಎರಡೂ ಪಕ್ಕ ಈಗ ಕಂಸ:
ಅವನು ಇಟ್ಟ ಮನೆಯಲ್ಲಿ ಮೀನು ಈಗಿಲ್ಲ
ಎಂಬುದಕ್ಕೆ ಅದೇ ಗುರುತಂತೆ.
ಬರೆದೆ, ಎರಡು ಕೈ ಅಡ್ಡ ಹಿಡಿದು
ಮುದುಕನೊಬ್ಬನನ್ನು ಬಿ.ಎಚ್. ರಸ್ತೆ ದಾಟಿಸುವ ಹಾಗೆ.

ಆಮೇಲೆ ಫ್ಲೆಕ್ಸು ಬಂತು.
ದುರ್ಗಿಗುಡಿಯಲ್ಲಿ ನನಗೆ ಉಳಿದದ್ದು ನಂಬರ್ ಪ್ಲೇಟು,
ಸಾಲುಸಾಲು ಬಿಳಿ ಇಂಡಿಕಾ ಟ್ಯಾಕ್ಸಿ, ಕೆಎ ಹದಿನಾಲ್ಕು.
ಅದೇ ವಾರ ಫ್ಲೇವಿಯಾ ಮೇಡಂ ಬಂದರು:
'ಇಂಡಿಕಾ ಇರಲಿ. ಹಿಂದಿನದು ಅಳಿಸಿ.
ಇಸ್ಟಿಯೊಂಪ್ಯಾಕ್ಸ್.'
ಟರ್ಪೆಂಟೈನ್ ಹಾಕಿ ಒರೆಸಿದೆ. ಮಕೈರಾ ಹೋಯಿತು,
ಅಡಿಯಿಂದ ಟೆಟ್ರಾ ಎದ್ದಿತು,
ಹಳದಿ ಎನಾಮಲ್, ಹತ್ತೊಂಬತ್ತರ ಕೈ.

ಬಾಬಿಯಕ್ಕನಿಗೆ ಹೇಳಿದರೆ ಮೀನು ಕೊಯ್ಯುತ್ತಲೇ ಅಂದಳು:
'ಹೆಸರು ಎಂತದಾದ್ರೂ ಇರ್ಲಿ ಮಾರಾಯ.
ಬೇರೆ ಕೊಂಬಿನ ಮೀನಿನ ಎದೆರೆಕ್ಕೆ ಮಡ್ಚತ್ತೆ.
ಇದ್ರದ್ದು ಮಡ್ಚೂದಿಲ್ಲ, ಮುರೀಬೇಕು.
ಪೆಟ್ಟಿಗೆ ಮುಚ್ಚಳ ಹಾಕ್ಲಿಕ್ಕೇ ಬಿಡ್ಲಿಲ್ಲ ಅದು.'
ಮೇಡಂ ಪುಸ್ತಕ ತೆರೆದು ತೋರಿಸಿದರು.
ಗುರುತಿಸುವ ಬಗೆ: ಮಡಚದ ರೆಕ್ಕೆ.
ಇಷ್ಟು ದೊಡ್ಡದಾಗಿ ಬೆಳೆಯುವುದು ಹೆಣ್ಣೇ, ಅಂತಲೂ ಅಂದರು.
ಅಂದರೆ ನನ್ನ ಇಂಡಿಕಸ್‌ನ ಹನ್ನೊಂದು ವರ್ಷವೂ
ಅವಳು ಹೆಣ್ಣೇ, ಗಾಜಿನ ಕಣ್ಣು ತೆರೆದುಕೊಂಡು.

ರೇಷನ್ ಕಾರ್ಡಿನಲ್ಲಿ ನಾನು ಅನೀಪ.
ವೋಟರ್ ಲಿಸ್ಟಿನಲ್ಲಿ ಹನೀಫಾ, ಸ್ತ್ರೀ.
ತಿದ್ದಿಸಲು ಮೂರು ಸಲ ಹೋಗಿ ಬಂದೆ,
ಯಾವ ಪಂಡಿತರ ಸಭೆಯೂ ಸೇರಲಿಲ್ಲ.

ಹಲಗೆಯ ಹಿಂದೆ, ಗೋಡೆಗೆ ತಾಗುವ ಕಡೆ,
ಸಣ್ಣ ಬ್ರಷ್ಷಿನಲ್ಲಿ ಬರೆದೆ:
ಹನೀಫ್, ದುರ್ಗಿಗುಡಿ.
ನೆಟ್ಟಗೆ. ಕಂಸ ಹಾಕಲಿಲ್ಲ.
ಬಣ್ಣ ಇನ್ನೂ ಹಸಿ ಇತ್ತು,
ಮೊಳೆ ಹೊಡೆದುಬಿಟ್ಟೆ.