ಟಗ್ ದೋಣಿಯ ಸೆಟ್ಟು

ವಾಸ್ಕೋ, ಬೈನಾ ಇಳಿಜಾರಿನ ಅಂಗಡಿ.
ಮೌಲಾಸಾಬ ವಾಕಿಟಾಕಿಯ ಬೆನ್ನು ಬಿಚ್ಚಿ
ಭೂತಗನ್ನಡಿ ಕಣ್ಣಿಗೆ ಸಿಗಿಸುತ್ತಾನೆ:

"ಇದು ಹರಳು. ಹಟಮಾರಿ, ಒಂದ ತಾಳ.
ಇಗಾ, ಇದು ಆಸಿಲೇಟರ್, ಬಿಸಲಿಗೊಂದು ಚಳಿಗೊಂದು ನಡಿಗಿ.
ನಡುವ ಕೂತಾಂವ ಇಬ್ಬರ ಹೆಜ್ಜಿ ಹೋಲಸ್ತಾನ:
ಮುಂದ ಓಡಿತೇನು, ವೋಲ್ಟೇಜ್ ತುಸು ಇಳಸ್ತಾನ,
ಹಿಂದ ಉಳೀತೇನು, ಏರಸ್ತಾನ.
ಧಕ್ಕೆಗೆ ಕಟ್ಟಿದ ಹಡಗ ನೋಡಿಲ್ಲೇನ?
ಭರತಕ್ಕ ಹಗ್ಗ ಸಡ್ಲ, ಇಳತಕ್ಕ ಬಿಗಿ.
ಇಷ್ಟ ಕತಿ."

ಇನ್ನೊಂದು ಮೂಲೆಯಲ್ಲಿ ಕರಿ ಕಲೆ, ಸುಟ್ಟ ವಾಸನೆ.
ಕೊನೆಯ ಟ್ರಾನ್ಸಿಸ್ಟರು.
"ಆಂಟೆನಾ ಮುರದಿತ್ತು. ಆದ್ರೂ ಗುಂಡಿ ಒತ್ತ್ಯಾನ.
ಹೊರಗ ದಾರಿ ಸಿಗದ ಶಕ್ತಿ
ತಿರುಗಿ ಮನಿಗೇ ಬಂತು."

ಹೊಸ ಸೆಟ್ಟುಗಳಲ್ಲಿ ಕಾವಲಿದೆ:
ಹೋದದ್ದೆಷ್ಟು, ಮರಳಿದ್ದೆಷ್ಟು ಅಳೆದು
ತಾನೇ ಬಲ ತಗ್ಗಿಸುತ್ತದೆ.
ಪಕ್ಕದ ಕ್ರೇನಿನವನಿಗೆ ಒಂದು ವಾಟ್ ಸಾಕು,
ಲಂಗರು ಹಾಕಿದ ಹಡಗಿಗೆ ಐದು.

ಇದರಲ್ಲಿ ಇರಲಿಲ್ಲ.

ಯಾರು ಒತ್ತಿದರು, ಎಷ್ಟು ಹೊತ್ತು,
ಚೀಟಿಯಲ್ಲಿ ಬರೆದಿಲ್ಲ.
ಗುಂಡಿಯ ರಬ್ಬರಿನಲ್ಲಿ ಮಾತ್ರ
ಒಂದು ಹೆಬ್ಬೆರಳ ತಗ್ಗು.

ಟ್ರಾನ್ಸಿಸ್ಟರು ಬದಲಾಯಿತು, ಆಂಟೆನಾ ಬದಲಾಯಿತು.
ಡಬ್ಬಿಯಲ್ಲಿ ಹೊಸ ರಬ್ಬರೂ ಇತ್ತು.
ಮೌಲಾಸಾಬ ಹಾಕಲಿಲ್ಲ.
ನಾನೂ ಕೇಳಲಿಲ್ಲ.