ಹೊಟ್ಟೆಯಲ್ಲಿ ಸಿಕ್ಕಿದ್ದು

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದು ಸೀಟ್ ಕವರ್ ಅಂಗಡಿ.
ಟ್ರ್ಯಾಕ್ಟರಿನ ಕುಶನ್ನು, ಆಟೋದ ಟಾಪು,
ಆಲೆಮನೆಯ ಟಾರ್ಪಾಲಿಗೊಂದು ತೇಪೆ,
ಹೊಲಿಗೆ ಅಂದರೆ ಇಷ್ಟೇ ಆಗಿತ್ತು,
ಮೈಸೂರಿನ ಕಾಲೇಜಿನಿಂದ ತಾರಿಣಿ ಖಾರ್ವಿ ಅನ್ನೋ ಡಾಕ್ಟರಮ್ಮ ಬಂದು
ಮಿಷಿನ್ನಿನ ಮೇಲೆ ಹಾಳೆ ಹರಡುವ ತನಕ.
"ಡಾಲ್ಫಿನ್. ಎಂಟಡಿ. ಹೊಲಿದು ಕೊಡ್ತೀರಾ?"

ನಾನು ಸಮುದ್ರ ಕಂಡವನಲ್ಲ.
ಕನ್ನಂಬಾಡಿ ತುಂಬಿದ ವರ್ಷ, ಇಷ್ಟು ನೀರು ಸಾಕು ಅನಿಸಿತ್ತು.
"ಯಾವ್ ಮೀನವ್ವ ಇದು, ಈಟುದ್ದ?"
"ಮೀನಲ್ಲ. ಮರಿ ಹಾಕುತ್ತೆ, ಹಾಲೂಡುತ್ತೆ,
ನೆತ್ತಿಯ ತೂತಿನಿಂದ ಉಸಿರಾಡುತ್ತೆ.
ದಡಕ್ಕೆ ಬಂದು ಬಿದ್ದಾಗ ಏನು ಮಾಡಬೇಕೋ
ಹುಡುಗರಿಗೆ ಕಲಿಸಬೇಕು."
ಹಾಲೂಡುತ್ತೆ ಅಂದಮೇಲೆ
ನಮ್ಮ ಕಡೆಯವರಿಗೆ ಅದು ಅರ್ಧ ಎಮ್ಮೆ.
ಒಪ್ಪಿಕೊಂಡೆ.

ಬೂದು ರೆಕ್ಸಿನ್ ಆರು ಮೀಟರ್. ಎರಡೆಳೆ ನೈಲಾನ್ ದಾರ.
ತೂಕಕ್ಕೆ ಲಾರಿ ಟ್ಯೂಬು, ಟ್ಯೂಬಿನೊಳಗೆ ನೀರು.
ಮಿಕ್ಕ ಸಂದಿಗೆಲ್ಲ ಅಂಗಡಿಯ ಕಸ ತುರುಕಿದೆ.
ನೆತ್ತಿಗೆ, ಟಾರ್ಪಾಲಿಗೆ ಹೊಡೆಯೋ ಹಿತ್ತಾಳೆ ರಿಂಗು.
ಮುಬಷೀರ ಕೇಳಿದ, "ಅಣ್ಣ, ನಗ್ತಾ ಇರೋ ಹಂಗೆ ಹೊಲೀಲಾ?"
ಡಾಕ್ಟರಮ್ಮ ಹೇಳಿದರು:
"ಅದು ನಗೋದಲ್ಲಪ್ಪ, ಬಾಯಿ ಇರೋದೇ ಹಾಗೆ.
ಸಾಯುವಾಗಲೂ ಹಾಗೇ ಇರುತ್ತೆ."
ಮುಬಷೀರ ಆ ಹೊಲಿಗೆ ನನಗೇ ಬಿಟ್ಟ.

ಸರಸ್ವತಿಪುರದ ಈಜುಕೊಳಕ್ಕೆ ಗೂಡ್ಸ್ ಆಟೋದಲ್ಲಿ ಒಯ್ದೆ.
ಬಾಡಿಗೆ ಈಸಿಕೊಂಡು ಹೊರಡಬೇಕಿತ್ತು, ನಿಂತುಬಿಟ್ಟೆ.
ಬಾಲ ಹಿಡಿದು ಎಳೀಬೇಡಿ.
ಬೆನ್ನ ಮೇಲೆ ಒದ್ದೆ ಬಟ್ಟೆ, ನೆತ್ತಿ ಮಾತ್ರ ಬಿಟ್ಟು.
ನೆರಳು ಮಾಡಿ. ಜನರನ್ನು ದೂರ ನಿಲ್ಲಿಸಿ.
ಎತ್ತುವಾಗ ಮಾತಾಡೋದು ಒಬ್ಬರೇ.
ಪಕ್ಕದಲ್ಲಿ ಕೂತ ಹುಡುಗ ಅದರ ಬದಲು "ಉಸ್" ಅಂದಾಗೆಲ್ಲ
ಒಬ್ಬಳು ಹಲಗೆಯ ಮೇಲೆ ಗೀಟು ಎಳೆದಳು.
ನಿಮಿಷಕ್ಕೆ ಮೂರು. ಆಮೇಲೆ ಏಳು.
ಆಮೇಲೆ ಹುಡುಗ ಸುಮ್ಮನಾದ.
ಯಾರೋ ಹೇಳಿಕೊಟ್ಟಿದ್ದರು ಅವನಿಗೆ, ಸುಮ್ಮನಾಗು ಅಂತ.
ಅವಳು ಗಡಿಯಾರ ನೋಡಿ ಬರೆದಳು: ಹನ್ನೊಂದು ನಲವತ್ತು.
ನನ್ನ ರೆಕ್ಸಿನ್ ಸತ್ತಿತ್ತು.

ತಿಂಗಳ ಮೇಲೆ ವಾಪಸ್ ಬಂತು, ಹೊಟ್ಟೆ ಉದ್ದಕ್ಕೂ ಸೀಳಿ.
"ಜಿಪ್ ಹಾಕಿಕೊಡಿ. ಪ್ರತಿ ಬ್ಯಾಚೂ ಕೊಯ್ದು ನೋಡಬೇಕು."
ರೆಕ್ಕೆಗೆ ಪಿನ್ನು ಚುಚ್ಚಿದ ಹಾಳೆ. ಹುಡುಗರ ಕೈಬರಹ:

ಹೊಟ್ಟೆಯಲ್ಲಿ ಸಿಕ್ಕಿದ್ದು:
ಕೆಂಪು ರೆಕ್ಸಿನ್ ಚೂರು, ಇಪ್ಪತ್ತೆರಡು.
ಸ್ಪಂಜು, ಒಂದು ಹಿಡಿ, ಬೀಡಿ ಸುಟ್ಟ ಗುರುತು.
ಮುರಿದ ಸೂಜಿ ಮೂರು.
ಪಾಂಡವಪುರದ ಬಸ್ ಟಿಕೆಟ್ಟು, ತಾರೀಕು ಮಾಸಿದೆ.
ಬೆಲ್ಲದ ಅಂಟು ಹತ್ತಿದ ಗೋಣಿ.
ವಾಸಸ್ಥಾನ: ಕಬ್ಬಿನ ಗದ್ದೆ, ಬಹುಶಃ ನಾಲೆಯ ಪಕ್ಕ.

ನಗು ಬಂತು. ಮುಬಷೀರನಿಗೆ ಜೋರಾಗಿ ಓದಿ ಹೇಳಿದೆ.
ಸೂಜಿಯ ಸಾಲಿಗೆ ಬಂದಾಗ ದನಿ ಇಳಿಯಿತು.
ಯಾವ ಮಗುವಿನ ಬೆರಳಿಗೆ ಚುಚ್ಚಿತ್ತೋ.
ಬೀಡಿ ಬಿಟ್ಟು ನಾಲ್ಕು ವರ್ಷ ಅಂತ
ಮನೆಯಲ್ಲಿ ನಾನು ಹೇಳಿದ್ದು ಬೇರೆ.

ಮಾಘದಲ್ಲಿ ಒಂದು ರಾತ್ರಿ ಫೋನು.
ಆ ಕಡೆ ಗಾಳಿ, ಗಾಳಿಯ ಹಿಂದೆ ಏನೋ ಬಡಿಯೋ ಸದ್ದು.
ಅದೇ ಇರಬೇಕು ಸಮುದ್ರ.
"ನಿಜವಾದದ್ದು ಬಿದ್ದಿತ್ತು ಇವತ್ತು, ಮರಳ ಮೇಲೆ.
ನಮ್ಮ ಹುಡುಗರೇ ಹೋಗಿದ್ದರು.
ನೀವು ತುಂಬಿಸಿದಷ್ಟೇ ತೂಕ."
"ಉಳೀತಾ?"
"ಇಲ್ಲ."
ಸ್ವಲ್ಪ ಹೊತ್ತು ಬರೀ ಬಡಿಯೋ ಸದ್ದು.
"ಆದರೆ ಬಾಲ ಹಿಡಿದು ಯಾರೂ ಎಳೀಲಿಲ್ಲ."

ಫೋನ್ ಇಡೋ ಮುಂಚೆ ಕೇಳಿದರು,
ಇನ್ನೊಂದು ಹೊಲಿದು ಕೊಡಬೇಕು, ಮೂರಡಿಯದು.
ಯಾಕೆ ಅಂತ ನಾನು ಕೇಳಲಿಲ್ಲ,
ಕೊಯ್ದಾಗ ಒಳಗೇನಿತ್ತು ಅಂತ ಅವರೂ ಹೇಳಲಿಲ್ಲ.

ಈ ಸಲ ಕಸ ತುಂಬಲಿಲ್ಲ.
ಪೇಟೆಬೀದಿಯಿಂದ ಎರಡು ಕಿಲೋ ಹೊಸ ಹತ್ತಿ.
ಸೂಜಿ ಎಣಿಸಿ ತೆಗೆದೆ, ಎಣಿಸಿ ಇಟ್ಟೆ.
ಜಿಪ್ಪು ಬೇಡ ಅಂದಿದ್ದರು.
ಬಿಲ್ಲಿನಲ್ಲಿ ಹತ್ತಿಯ ದುಡ್ಡು ಸೇರಿಸದೆ ಬರೆದೆ:
ಮರಿ, ಒಂದು.